ಲೇಟೆಕ್ ಕಲಿಯಲು ಯಾವ ಪುಸ್ತಕ? ಕಾಶಿಯಲ್ಲಿ ಓದುವ ಕನ್ನಡಿಗರಿಗೊಂದು ಕೈಪಿಡಿ

ಕಾಶಿಯ ದಶಾಶ್ವಮೇಧ ಘಾಟಿನಿಂದ ಮೇಲೆ ಬಂದು ಗೋದೌಲಿಯಾ ವೃತ್ತ ದಾಟಿದರೆ ಹತ್ತಿರದಲ್ಲೇ ಜಂಗಮವಾಡಿ ಮಠ. ವೀರಶೈವ ಪಂಚಪೀಠಗಳಲ್ಲಿ ಒಂದಾದ ಕಾಶಿ ಜ್ಞಾನಸಿಂಹಾಸನ ಪೀಠ ಇದೇ. ಸಂಸ್ಕೃತ ಕಲಿಯಲೆಂದು ಕರ್ನಾಟಕದಿಂದ ಇಲ್ಲಿಗೆ ಬಂದು ವರ್ಷಗಟ್ಟಲೆ ಉಳಿದವರು ಬಹಳ ಮಂದಿ. 2020ರ ಫೆಬ್ರುವರಿ 16ರಂದು, ಇಲ್ಲಿನ ಜಗದ್ಗುರು ವಿಶ್ವಾರಾಧ್ಯ ಗುರುಕುಲದ ಶತಮಾನೋತ್ಸವದ ಸಮಾರೋಪದಲ್ಲಿ, ವೀರಶೈವ ಗ್ರಂಥ ‘ಸಿದ್ಧಾಂತ ಶಿಖಾಮಣಿ’ಯ 19 ಭಾಷೆಗಳ ಅನುವಾದವನ್ನೂ ಅದರ ಮೊಬೈಲ್ ಆ್ಯಪನ್ನೂ ಪ್ರಧಾನಿ ನರೇಂದ್ರ ಮೋದಿ ಬಿಡುಗಡೆ ಮಾಡಿದರು. ಮೂಲ ಗ್ರಂಥ ಒಂದೇ. ಭಾಷೆ ಹತ್ತೊಂಬತ್ತು, ಲಿಪಿಗಳೂ ಹಲವು.

ಇಂಥ ಪುಸ್ತಕವನ್ನು ಅಚ್ಚಿಗೆ ಅಣಿಗೊಳಿಸುವುದು ಎಷ್ಟು ಕಷ್ಟವೆಂದು ಒಮ್ಮೆ ಪ್ರೂಫ್ ತಿದ್ದಿದವರಿಗೆ ಗೊತ್ತಿರುತ್ತದೆ. ದೇವನಾಗರಿಯಲ್ಲಿ ಶ್ಲೋಕ, ಅದರ ಕೆಳಗೆ ಕನ್ನಡ ತಾತ್ಪರ್ಯ, ಪುಟದಡಿಯಲ್ಲಿ ಪಾಠಾಂತರ, ಕೊನೆಗೆ ಶ್ಲೋಕಾನುಕ್ರಮಣಿಕೆ. ನಡುವೆ ಬಿಟ್ಟುಹೋದ ಒಂದು ಶ್ಲೋಕ ಸೇರಿತೋ, ಮುಂದಿನ ಅಂಕಿಗಳೆಲ್ಲ ಬದಲಾಗಬೇಕು. ಅಡಿಟಿಪ್ಪಣಿಗಳು ಪುಟ ದಾಟಿ ಓಡುತ್ತವೆ. ಅನುಕ್ರಮಣಿಕೆಯ ಪುಟಸಂಖ್ಯೆಗಳನ್ನು ಮೊದಲಿಂದ ಹಾಕಬೇಕು. ಸಂಪೂರ್ಣಾನಂದ ಸಂಸ್ಕೃತ ವಿಶ್ವವಿದ್ಯಾಲಯದಲ್ಲೋ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲೋ ಪಿಎಚ್‌ಡಿ ಮಾಡುತ್ತಿರುವ ನಮ್ಮ ಹುಡುಗ ಹುಡುಗಿಯರಿಗೆ ಮಹಾಪ್ರಬಂಧದ ಕೊನೆಯ ಎರಡು ತಿಂಗಳು ಇದೇ ಗೋಳು. ಪಕ್ಕದ ಐಐಟಿಯಲ್ಲಿ ಗಣಿತವನ್ನೋ ಭೌತಶಾಸ್ತ್ರವನ್ನೋ ಓದುವವರಿಗೆ ಶ್ಲೋಕದ ಬದಲು ಸಮೀಕರಣ, ಅಷ್ಟೇ ವ್ಯತ್ಯಾಸ.

ಈ ಅಂಕಿ, ಉಲ್ಲೇಖ, ಅನುಕ್ರಮಣಿಕೆಯ ಹೊರೆಯನ್ನು ಯಂತ್ರಕ್ಕೆ ಹೊರಿಸುವ ಅಕ್ಷರಜೋಡಣೆಯ ವ್ಯವಸ್ಥೆ ಲೇಟೆಕ್. ಅದರ ಬುಡದಲ್ಲಿರುವುದು ಟೆಕ್. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಡೊನಾಲ್ಡ್ ಕ್ನೂತ್ 1977ರಲ್ಲಿ ತಮ್ಮ ‘ದಿ ಆರ್ಟ್ ಆಫ್ ಕಂಪ್ಯೂಟರ್ ಪ್ರೋಗ್ರಾಮಿಂಗ್’ನ ಎರಡನೆಯ ಸಂಪುಟದ ಹೊಸ ಆವೃತ್ತಿಗೆ ಬಂದ ಪ್ರೂಫ್ ನೋಡಿದರು. ಅಕ್ಷರಗಳ ಅಂದಗೇಡು ಸಹಿಸದೆ ತಾವೇ ಒಂದು ವ್ಯವಸ್ಥೆ ಕಟ್ಟಲು ಕೂತರು. ಅದರ ಮೇಲೆ ಲೆಸ್ಲಿ ಲ್ಯಾಂಪೋರ್ಟ್ 1980ರ ದಶಕದ ಮೊದಲ ವರ್ಷಗಳಲ್ಲಿ, ಸಾಮಾನ್ಯ ಲೇಖಕರಿಗೂ ಒಗ್ಗುವಂತೆ ಕಟ್ಟಿದ್ದು ಲೇಟೆಕ್. ಇದು ಅಧ್ಯಾಯ, ಇದು ಶ್ಲೋಕ, ಇದು ಅಡಿಟಿಪ್ಪಣಿ ಎಂದು ನೀವು ಗುರುತು ಹಾಕುತ್ತ ಹೋಗುತ್ತೀರಿ. ಅಂಕಿ, ಪುಟ, ಅಂತರ, ಪರಿವಿಡಿ ಎಲ್ಲವನ್ನೂ ಅದು ನೋಡಿಕೊಳ್ಳುತ್ತದೆ. ಕಾಸು ಕೊಡಬೇಕಿಲ್ಲ, ಕಾಸು ಬೇಕಾಗುವುದು ಕಲಿಸುವ ಪುಸ್ತಕಕ್ಕೆ. ತೊಡಕು ಶುರುವಾಗುವುದೂ ಅಲ್ಲೇ.

ಕಾಶಿ ಪುಸ್ತಕದ ಊರು. ಇಲ್ಲಿನ ಸಂಸ್ಕೃತ ಕಾಲೇಜಿನಿಂದ 1866ರಲ್ಲೇ ‘ದಿ ಪಂಡಿತ್’ ಪತ್ರಿಕೆ ಹೊರಟಿತು. ಚೌಖಂಬಾ ಸಂಸ್ಕೃತ ಸೀರೀಸ್ 1892ರಿಂದ ಇದೆ. ಚೌಕದ ಕಡೆಯ ಅಂಗಡಿಗಳಲ್ಲಿ ವ್ಯಾಕರಣ, ವೇದಾಂತ, ಆಯುರ್ವೇದಗಳ ಯಾವ ಗ್ರಂಥ ಬೇಕಾದರೂ ಕೇಳಬಹುದು. ಕಂಪ್ಯೂಟರ್ ಪುಸ್ತಕ ಬೇಕಾದವರು ಮಾತ್ರ ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಮುಖ್ಯದ್ವಾರದ ಎದುರಿನ ಲಂಕಾ ಬಡಾವಣೆಯತ್ತ ಹೋಗಬೇಕು, ಇಲ್ಲವೇ ಆನ್‌ಲೈನಿನಲ್ಲಿ ತರಿಸಬೇಕು. ಎಲ್ಲಿ ಕೊಂಡರೂ ಕೈಗೆ ಬರುವ ಲೇಟೆಕ್ ಪುಸ್ತಕಗಳಲ್ಲಿ ಹೆಚ್ಚಿನವು ಇಂಗ್ಲಿಷಿನಲ್ಲಿ ಬರೆಯುವ ಗಣಿತದವರನ್ನು ಕಣ್ಣಮುಂದೆ ಇಟ್ಟುಕೊಂಡು ಬರೆದವು. ಕನ್ನಡ ಅಥವಾ ಸಂಸ್ಕೃತದಲ್ಲಿ ಬರೆಯುವವರಿಗೆ ಅವುಗಳಲ್ಲಿ ಅರ್ಧ ಪುಸ್ತಕ ಬೇಡ, ಬೇಕಾದ ಕಾಲು ಭಾಗ ಇರುವುದೇ ಇಲ್ಲ. ಹಾಗಾಗಿ ಯಾವುದು ಒಳ್ಳೆಯ ಪುಸ್ತಕ ಎಂದು ಕೇಳುವ ಮೊದಲು, ಯಾರ ಕೆಲಸಕ್ಕೆ ಒಳ್ಳೆಯದು ಎಂದು ಕೇಳಿಕೊಳ್ಳಬೇಕು.

ಮೊದಲು ನಿಮ್ಮ ಕೆಲಸ ಯಾವುದು ನೋಡಿ

ನಿಮ್ಮ ಪ್ರಬಂಧ ಇಂಗ್ಲಿಷಿನಲ್ಲಿದ್ದು ಸಮೀಕರಣಗಳೇ ಹೆಚ್ಚಿದ್ದರೆ ನಿಮ್ಮ ಹಾದಿ ಸಲೀಸು. ಸಿಗುವ ಪುಸ್ತಕಗಳೆಲ್ಲ ನಿಮಗೆಂದೇ ಇವೆ. ಈಚಿನದೊಂದನ್ನು ಆರಿಸಿಕೊಂಡರೆ ಸಾಕು.

ಕನ್ನಡದಲ್ಲೋ ಸಂಸ್ಕೃತದಲ್ಲೋ ಹಿಂದಿಯಲ್ಲೋ ಬರೆಯುವವರಿಗೆ ಗಣಿತದ ಅಧ್ಯಾಯಗಳನ್ನು ದಾಟಿಸಿ ಓದಲು ಅನುಕೂಲವಾದ ಪುಸ್ತಕ ಬೇಕು. ಫಾಂಟ್, ಭಾಷೆ, ಆಕರಸೂಚಿ, ಅಡಿಟಿಪ್ಪಣಿ ಈ ನಾಲ್ಕರ ಬಗ್ಗೆ ಅದು ಏನು ಹೇಳುತ್ತದೆ ಎನ್ನುವುದರ ಮೇಲೆ ಅದನ್ನು ತೂಗಬೇಕು. ಇನ್ನು ಹಸ್ತಪ್ರತಿಗಳನ್ನು ಹೋಲಿಸಿ ಶುದ್ಧಪಾಠ ಸಿದ್ಧಪಡಿಸುವವರಿದ್ದಾರೆ. ಸಂಸ್ಕೃತ ವಿಶ್ವವಿದ್ಯಾಲಯದ ಸರಸ್ವತೀ ಭವನದ ಹಸ್ತಪ್ರತಿ ಭಂಡಾರ ಇರುವ ಈ ಊರಿನಲ್ಲಿ ಅಂಥವರು ಸಾಕಷ್ಟು. ಅವರಿಗೆ ಬೇಕಾದದ್ದು ಸಾಮಾನ್ಯ ಲೇಟೆಕ್ ಪುಸ್ತಕದಲ್ಲಿ ಸಿಗುವುದಿಲ್ಲ. ಅವರ ದಾರಿಯನ್ನು ಕೊನೆಯಲ್ಲಿ ಬೇರೆಯಾಗಿ ಹೇಳುತ್ತೇನೆ.

ಅಂಗಡಿಯಲ್ಲೇ ನಿಂತು ಪರೀಕ್ಷಿಸಿ

ಲೇಟೆಕ್ ಪುಸ್ತಕವನ್ನು ಹಿಂದಿನಿಂದ ತೆರೆಯಬೇಕು. ಮುನ್ನುಡಿ ಯಾವಾಗಲೂ ಚೆನ್ನಾಗಿಯೇ ಇರುತ್ತದೆ. ನಿಜ ಹೇಳುವುದು ಪದಸೂಚಿ. ಅಲ್ಲಿ ಮೊದಲು ‘ಫಾಂಟ್‌ಸ್ಪೆಕ್’ ಹುಡುಕಿ. ಕಂಪ್ಯೂಟರಿನಲ್ಲಿರುವ ಯಾವುದೇ ಓಪನ್‌ಟೈಪ್ ಫಾಂಟನ್ನು ಲೇಟೆಕ್ ಒಳಗೆ ತರುವ ಪ್ಯಾಕೇಜ್ ಅದು. ಕನ್ನಡದ ಕೆಲಸ ಅದಿಲ್ಲದೆ ನಡೆಯುವುದಿಲ್ಲ. ಆಮೇಲೆ ‘ಝೀಲೇಟೆಕ್’ ಮತ್ತು ‘ಲುವಾಲೇಟೆಕ್’ ಎಂಬ ಯುನಿಕೋಡ್ ಎಂಜಿನ್‌ಗಳು ಇವೆಯೇ ನೋಡಿ. ಹಳೆಯ ಪುಸ್ತಕಗಳು ಕಲಿಸುವುದು ಪಿಡಿಎಫ್‌ಲೇಟೆಕ್ ಎಂಬ ಎಂಜಿನ್ನನ್ನು. ಇಂಗ್ಲಿಷಿಗೆ ಅದು ಇಂದಿಗೂ ಸೊಗಸು. ಯುನಿಕೋಡ್ ಕನ್ನಡದ ಒತ್ತಕ್ಷರ, ಗುಣಿತಗಳನ್ನು ಜೋಡಿಸಲು ಅದಕ್ಕೆ ಬಾರದು. ಈ ಮೂರು ಹೆಸರುಗಳು ಪದಸೂಚಿಯಲ್ಲಿ ಇಲ್ಲದಿದ್ದರೆ, ಕನ್ನಡದಲ್ಲಿ ಬರೆಯುವವರು ಆ ಪುಸ್ತಕವನ್ನು ಕಪಾಟಿಗೆ ಮರಳಿಸಬಹುದು.

ಇನ್ನೊಂದು ಪರೀಕ್ಷೆ ಮೊದಲ ಉದಾಹರಣೆಯ ಪುಟದಲ್ಲಿದೆ. ಕಡತದ ಆರಂಭದಲ್ಲಿ ‘ಇನ್‌ಪುಟ್‌ಎನ್‌ಸಿ’ ಎಂಬ ಪ್ಯಾಕೇಜನ್ನು ಕಡ್ಡಾಯವಾಗಿ ಸೇರಿಸಿ ಎಂದು ಪುಸ್ತಕ ಹೇಳುತ್ತಿದ್ದರೆ ಅದು 2018ಕ್ಕಿಂತ ಹಿಂದಿನ ಪಾಠ. ಆ ವರ್ಷದಿಂದ ಯುಟಿಎಫ್-8 ಲೇಟೆಕ್‌ನ ಸಹಜ ಸ್ಥಿತಿಯೇ ಆಗಿದೆ. ದಪ್ಪಕ್ಷರಕ್ಕೆ ‘ಬಿಎಫ್’ ಎಂಬ ಎರಡಕ್ಷರದ ಕಮಾಂಡನ್ನೂ, ಸಮೀಕರಣಗಳ ಸಾಲಿಗೆ ‘ಇಕ್ಯೂಎನ್‌ಅರೇ’ಯನ್ನೂ ಕಲಿಸುವ ಪುಸ್ತಕ ಇನ್ನೂ ಹಳೆಯದು. ಹೊಸ ಮುಖಪುಟ ಹಾಕಿ ಹಳೆಯ ಪಾಠ ಮಾರುವ ಪುಸ್ತಕಗಳನ್ನು ಹೀಗೆ ಎರಡೇ ನಿಮಿಷದಲ್ಲಿ ಹಿಡಿಯಬಹುದು. ಆಕರಸೂಚಿಯ ಅಧ್ಯಾಯದಲ್ಲಿ ‘ಬಿಬ್‌ಲೇಟೆಕ್’ ಮತ್ತು ‘ಬೈಬರ್’ ಇರಬೇಕು. ಬರೀ ‘ಬಿಬ್‌ಟೆಕ್’ ಇದ್ದರೆ ಅದು 1985ರ ಸಲಕರಣೆ. ಕನ್ನಡ ಹೆಸರುಗಳನ್ನು ಅಕಾರಾದಿಯಲ್ಲಿ ಇಡಲು ಅದಕ್ಕೆ ತಿಳಿಯದು.

ಗಣಿತದ ಪುಸ್ತಕ ಹತ್ತು ವರ್ಷ ಹಳೆಯದಾದರೂ ನಡೆದೀತು. ಭಾರತೀಯ ಲಿಪಿಗಳ ವಿಷಯದಲ್ಲಿ ನಡೆಯದು. ಕಾರಣ ಸ್ಪಷ್ಟವಾಗಿದೆ. ಇಂದು ಲುವಾಲೇಟೆಕ್ ಬಳಸುವ, ಅಕ್ಷರಗಳನ್ನು ಕೂಡಿಸುವ ಹಾರ್ಫ್‌ಬಜ್ ಜೋಡಿಸಿದ ಎಂಜಿನ್ ಟೆಕ್ ಲೈವ್ ಸಂಗ್ರಹದಲ್ಲಿ ಸಹಜವಾಗಿ ಬಂದದ್ದೇ 2020ರಲ್ಲಿ. ಅದಕ್ಕೂ ಹಿಂದಿನ ಪುಸ್ತಕ ಲುವಾಲೇಟೆಕ್‌ನಲ್ಲಿ ಭಾರತೀಯ ಲಿಪಿಗಳ ಬಗ್ಗೆ ಏನೇ ಹೇಳಿದ್ದರೂ ಅದನ್ನು ನಂಬಿ ಕೂರಬೇಡಿ.

ಹೆಸರು ಹೇಳಿಯೇ ಹೇಳುವುದಾದರೆ

ಲ್ಯಾಂಪೋರ್ಟ್ ಅವರ ‘ಲೇಟೆಕ್: ಎ ಡಾಕ್ಯುಮೆಂಟ್ ಪ್ರಿಪರೇಶನ್ ಸಿಸ್ಟಮ್’ 1986ರದು. 1994ರಲ್ಲಿ ಎರಡನೆಯ ಆವೃತ್ತಿ ಬಂತು. ಸಣ್ಣ ಪುಸ್ತಕ, ಬರವಣಿಗೆ ಬಲು ಸ್ವಚ್ಛ. ಲೇಖಕ ಆಕಾರದ ಚಿಂತೆ ಬಿಟ್ಟು ವಿಷಯದ ರಚನೆಯನ್ನು ಹೇಳಬೇಕು ಎಂಬ ಮಾತನ್ನು ಅಷ್ಟು ಚೆನ್ನಾಗಿ ಹೇಳಿದ ಪುಸ್ತಕ ಇನ್ನೊಂದಿಲ್ಲ. ಗ್ರಂಥಾಲಯದಲ್ಲಿ ಸಿಕ್ಕರೆ ಮೊದಲ ಕೆಲವು ಅಧ್ಯಾಯ ಓದಿ, ಕೊಳ್ಳಬೇಡಿ. ಇಂದಿನ ಪ್ಯಾಕೇಜುಗಳು ಅದರಲ್ಲಿಲ್ಲ. ಕ್ನೂತ್ ಅವರ ‘ದಿ ಟೆಕ್‌ಬುಕ್’ (1984) ಮಹತ್ವದ ಕೃತಿ. ಟೆಕ್ ಒಳಗೆ ಸಾಲು ಹೇಗೆ ಮುರಿಯುತ್ತದೆ, ಪುಟ ಹೇಗೆ ಕಟ್ಟಿಕೊಳ್ಳುತ್ತದೆ ಎಂದು ತಿಳಿಯಬೇಕಾದವರಿಗೆ ಅದೇ ಆಕರ. ಮಹಾಪ್ರಬಂಧ ಬರೆಯಬೇಕಾದವರು ಅದರಿಂದ ಶುರುಮಾಡಿದರೆ ಪ್ರಬಂಧ ಅಲ್ಲೇ ನಿಲ್ಲುತ್ತದೆ.

ಹೊಸಬರಿಗೆ ನಾನು ಮೊದಲು ಹೇಳುವುದು ಕಾಸಿಲ್ಲದೆ ಸಿಗುವ ಎರಡು ಪುಸ್ತಕಗಳನ್ನು. ಟೋಬಿಯಾಸ್ ಓಟಿಕರ್ ಮತ್ತು ಸಂಗಡಿಗರ ‘ದಿ ನಾಟ್ ಸೋ ಶಾರ್ಟ್ ಇಂಟ್ರೊಡಕ್ಷನ್ ಟು ಲೇಟೆಕ್’ ಜಗತ್ತಿನಾದ್ಯಂತ ವಿದ್ಯಾರ್ಥಿಗಳು ಓದುವ ಪುಸ್ತಕ. ಹಲವು ಭಾಷೆಗಳಿಗೆ ಅನುವಾದವಾಗಿದೆ, ಪರಿಷ್ಕರಣೆಗಳನ್ನೂ ಕಂಡಿದೆ. ಇನ್ನೊಂದು ನಮ್ಮ ನೆರೆಯ ತಿರುವನಂತಪುರದ್ದು. 1998ರಲ್ಲಿ ಅಲ್ಲಿ ಹುಟ್ಟಿದ ಭಾರತೀಯ ಟೆಕ್ ಬಳಕೆದಾರರ ಸಂಘ 2003ರಲ್ಲಿ ಹೊರತಂದ ‘ಲೇಟೆಕ್ ಟ್ಯುಟೋರಿಯಲ್ಸ್: ಎ ಪ್ರೈಮರ್’. ಸಂಪಾದಕರು ಇ. ಕೃಷ್ಣನ್. ಭಾಷೆ ಸರಳ, ಉದಾಹರಣೆಗಳು ಮೇಷ್ಟರು ಹಲಗೆಯ ಮೇಲೆ ಬರೆದು ತೋರಿಸಿದಂತೆ ಒಂದರ ಹಿಂದೆ ಒಂದು ಬರುತ್ತವೆ. ಯುನಿಕೋಡ್ ಎಂಜಿನ್‌ಗಳಿಗಿಂತ ಮುಂಚಿನದಾದ್ದರಿಂದ ಫಾಂಟ್ ಅಧ್ಯಾಯವನ್ನು ಬಿಟ್ಟು ಪಟ್ಟಿ, ಕೋಷ್ಟಕ, ಅಡ್ಡ ಉಲ್ಲೇಖ, ಅಡಿಟಿಪ್ಪಣಿಗಳ ಅಧ್ಯಾಯ ಓದಿ. ಅವು ಈಗಲೂ ಹಾಗೇ ನಡೆಯುತ್ತವೆ.

ಕೊಳ್ಳುವುದಾದರೆ ಒಂದೇ ಪುಸ್ತಕ ಸಾಕು. ಸ್ಟೆಫಾನ್ ಕಾಟ್‌ವಿಟ್ಜ್ ಅವರ ‘ಲೇಟೆಕ್ ಬಿಗಿನರ್ಸ್ ಗೈಡ್’, 2021ರ ಎರಡನೆಯ ಆವೃತ್ತಿ. ಮೊದಲ ಆವೃತ್ತಿ 2011ರದು. ಸೆಕೆಂಡ್‌ಹ್ಯಾಂಡಿನಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಅದನ್ನು ತರಬೇಡಿ. ಇನ್‌ಸ್ಟಾಲ್ ಮಾಡುವಲ್ಲಿಂದ ಹಿಡಿದು ಎರರ್ ಬಂದಾಗ ಏನು ಮಾಡಬೇಕು ಎನ್ನುವತನಕ ಈ ಪುಸ್ತಕ ಕೈಹಿಡಿದು ನಡೆಸುತ್ತದೆ. ನಮ್ಮ ದೇಶದವರೇ ಬರೆದದ್ದು ಬೇಕೆಂದರೆ ಅಸ್ಸಾಮಿನ ತೇಜ್‌ಪುರ ವಿಶ್ವವಿದ್ಯಾಲಯದ ದಿಲೀಪ್ ದತ್ತ ಅವರ ‘ಲೇಟೆಕ್ ಇನ್ 24 ಅವರ್ಸ್’ (2017) ಇದೆ. ಎಂಜಿನಿಯರಿಂಗ್, ವಿಜ್ಞಾನದ ವಿದ್ಯಾರ್ಥಿಗಳಿಗೆ ಅದು ಹೇಳಿಮಾಡಿಸಿದ್ದು. ಸಂಸ್ಕೃತದವರಿಗೆ ಅಷ್ಟು ಉಪಯೋಗವಿಲ್ಲ. ಶುದ್ಧ ಗಣಿತದವರಿಗೆ ಜಾರ್ಜ್ ಗ್ರ್ಯಾಟ್ಸರ್ ಅವರ ‘ಮೋರ್ ಮ್ಯಾಥ್ ಇಂಟು ಲೇಟೆಕ್’, 2016ರ ಐದನೆಯ ಆವೃತ್ತಿ. ಗ್ರ್ಯಾಟ್ಸರ್ ಸ್ವತಃ ಗಣಿತಜ್ಞರು. ಸಮೀಕರಣವನ್ನು ಎಲ್ಲಿ ಮುರಿಯಬೇಕೆಂಬ ವಿವೇಕ ಅವರ ಪುಟಪುಟದಲ್ಲಿ ಕಾಣುತ್ತದೆ. ಕಾಪ್ಕಾ ಮತ್ತು ಡೇಲಿ ಅವರ ‘ಗೈಡ್ ಟು ಲೇಟೆಕ್’ ಒಂದು ಕಾಲಕ್ಕೆ ಎಲ್ಲರ ಮೇಜಿನ ಮೇಲಿತ್ತು. ಅದರ ನಾಲ್ಕನೆಯ ಆವೃತ್ತಿಗೆ ಎರಡು ದಶಕ ದಾಟಿದೆ, ಈಗ ಬಿಡಬಹುದು.

ಇನ್ನು ‘ದಿ ಲೇಟೆಕ್ ಕಂಪ್ಯಾನಿಯನ್’. 1994ರಲ್ಲಿ ಮೊದಲು ಬಂದದ್ದು. ಫ್ರಾಂಕ್ ಮಿಟೆಲ್‌ಬಾಖ್ ಮತ್ತು ಉಲ್ರಿಕೆ ಫಿಷರ್ ಸೇರಿ ಸಿದ್ಧಪಡಿಸಿದ ಮೂರನೆಯ ಆವೃತ್ತಿ 2023ರಲ್ಲಿ ಎರಡು ದಪ್ಪ ಸಂಪುಟಗಳಾಗಿ ಬಂದಿದೆ. ಇಬ್ಬರೂ ಲೇಟೆಕ್ ತಂಡದವರೇ. ಫಾಂಟ್, ಯುನಿಕೋಡ್ ಎಂಜಿನ್, ಭಾಷೆ, ಆಕರಸೂಚಿ, ಪದಸೂಚಿ ಎಲ್ಲವೂ ಇಂದಿನ ಸ್ಥಿತಿಗೆ ತಕ್ಕಂತೆ ಅದರಲ್ಲಿದೆ. ಇದು ಕಲಿಯುವ ಪುಸ್ತಕವಲ್ಲ, ತಡಕುವ ಪುಸ್ತಕ. ಬೆಲೆ ವಿದ್ಯಾರ್ಥಿಯ ಕೈಗೆ ಭಾರ. ವಿಭಾಗದ ಗ್ರಂಥಾಲಯಕ್ಕೋ ಮಠದ ಪುಸ್ತಕ ಭಂಡಾರಕ್ಕೋ ತರಿಸಿಕೊಡಿ ಎಂದು ಬೇಡಿಕೆ ಸಲ್ಲಿಸಿ. ಹತ್ತು ಮಂದಿ ಸಂಶೋಧಕರಿರುವ ಕಡೆ ಒಂದು ಪ್ರತಿ ಇದ್ದರೆ ಸಾಲುತ್ತದೆ. 2004ರ ಎರಡನೆಯ ಆವೃತ್ತಿಯನ್ನು ದಾನವಾಗಿ ಕೊಟ್ಟರೂ ಕನ್ನಡದ ಕೆಲಸಕ್ಕೆ ಅದನ್ನು ಅವಲಂಬಿಸಬೇಡಿ.

ಪುಸ್ತಕಗಳು ಬಿಟ್ಟ ಕನ್ನಡದ ಪಾಠ

ಮೇಲಿನ ಯಾವ ಪುಸ್ತಕವೂ ಕನ್ನಡವನ್ನು ಪ್ರತ್ಯೇಕವಾಗಿ ಕಲಿಸುವುದಿಲ್ಲ. ಆ ಕೊರತೆ ತುಂಬಿಕೊಳ್ಳಬೇಕಾದದ್ದು ಪ್ಯಾಕೇಜುಗಳ ಕೈಪಿಡಿಗಳಿಂದ. ಟೆಕ್ ಲೈವ್ ಇನ್‌ಸ್ಟಾಲ್ ಮಾಡಿಕೊಂಡವರ ಕಂಪ್ಯೂಟರಿನಲ್ಲಿ ಅವೆಲ್ಲ ಆಗಲೇ ಇರುತ್ತವೆ. ‘ಟೆಕ್ಸ್‌ಡಾಕ್’ ಎಂದು ಬರೆದು ಮುಂದೆ ಪ್ಯಾಕೇಜಿನ ಹೆಸರು ಕೊಟ್ಟರೆ ಕೈಪಿಡಿ ತೆರೆದುಕೊಳ್ಳುತ್ತದೆ. ಫಾಂಟ್‌ಸ್ಪೆಕ್, ಪಾಲಿಗ್ಲಾಸಿಯಾ, ಬೇಬಲ್, ಬಿಬ್‌ಲೇಟೆಕ್ ಈ ನಾಲ್ಕರ ಕೈಪಿಡಿಗಳನ್ನು ಅಚ್ಚಾದ ಪುಸ್ತಕದಷ್ಟೇ ಗೌರವದಿಂದ ಓದಿ. ಭಾಷೆಯ ಪ್ಯಾಕೇಜುಗಳಾದ ಪಾಲಿಗ್ಲಾಸಿಯಾ, ಬೇಬಲ್ ಎರಡೂ ಕನ್ನಡವನ್ನು ಬಲ್ಲವು; ಅವುಗಳಲ್ಲಿ ಒಂದನ್ನು ಮಾತ್ರ ಬಳಸಬೇಕು.

ಹೊಸಬರು ಮೊದಲು ಎಡವುವ ಜಾಗ ಒಂದಿದೆ. ಝೀಲೇಟೆಕ್‌ನಲ್ಲಿ ಫಾಂಟಿನ ಹೆಸರನ್ನಷ್ಟೇ ಕೊಟ್ಟು ‘ಶಾಸ್ತ್ರ’ ಎಂದು ಬರೆಯುತ್ತಾರೆ. ಪಿಡಿಎಫ್‌ನಲ್ಲಿ ‘ಶಾಸ್‌ತ್‌ರ’ ಎಂದು ಬರುತ್ತದೆ, ಒತ್ತಕ್ಷರಗಳೆಲ್ಲ ಬಿಚ್ಚಿಕೊಂಡು ಸಾಲಾಗಿ ನಿಂತಿರುತ್ತವೆ. ಫಾಂಟ್ ಕೆಟ್ಟಿದೆ ಎಂದುಕೊಂಡು ಹತ್ತು ಫಾಂಟ್ ಬದಲಾಯಿಸಿ ಸೋಲುತ್ತಾರೆ. ಫಾಂಟ್ ಸರಿಯಾಗಿಯೇ ಇದೆ. ಫಾಂಟ್ ಹೆಸರಿನ ಜೊತೆಗೆ ‘ಸ್ಕ್ರಿಪ್ಟ್’ ಎಂಬ ಆಯ್ಕೆಯಲ್ಲಿ ಕನ್ನಡ ಎಂದು ಹೇಳಬೇಕು, ದೇವನಾಗರಿ ಫಾಂಟಿಗೆ ದೇವನಾಗರಿ ಎಂದು. ಹೇಳಿದ ಕೂಡಲೇ ಅಕ್ಷರಗಳು ಕೂಡಿಕೊಳ್ಳುತ್ತವೆ. ಲುವಾಲೇಟೆಕ್ ಬಳಸುವವರು ಇದರ ಜೊತೆಗೆ ‘ರೆಂಡರರ್’ ಆಯ್ಕೆಯಲ್ಲಿ ಹಾರ್ಫ್‌ಬಜ್ ಎಂದೂ ಹೇಳಬೇಕು. ಈ ಎರಡು ಆಯ್ಕೆಗಳ ಬಗ್ಗೆ ಒಂದು ಪುಸ್ತಕದಲ್ಲಿ ಬರೆದಿದ್ದರೆ ಆ ಲೇಖಕರಿಗೆ ನಮ್ಮ ಲಿಪಿಗಳ ಅರಿವಿದೆ ಎಂದು ತಿಳಿಯಬಹುದು.

ಎರಡನೆಯದು ಸಾಲುಗಳ ನಡುವಿನ ಅಂತರ. ಲೇಟೆಕ್ ಸಹಜವಾಗಿ ಹತ್ತು ಪಾಯಿಂಟಿನ ಅಕ್ಷರಕ್ಕೆ ಹನ್ನೆರಡು ಪಾಯಿಂಟಿನ ಸಾಲು ಕೊಡುತ್ತದೆ. ಇಂಗ್ಲಿಷಿಗೆ ಅದು ಸಾಕು. ನಮ್ಮ ‘ರಾಷ್ಟ್ರ’, ‘ಸ್ತ್ರೀ’, ‘ವೈಶಿಷ್ಟ್ಯ’ಗಳ ಒತ್ತುಗಳು ಸಾಲಿನ ಕೆಳಗೆ ಇಳಿದು ಕೆಳಸಾಲಿನ ಅಕ್ಷರಗಳಿಗೆ ತಾಗುತ್ತವೆ. ‘ಲೈನ್‌ಸ್ಪ್ರೆಡ್’ ಕಮಾಂಡಿನಿಂದಲೋ ‘ಸೆಟ್‌ಸ್ಪೇಸ್’ ಪ್ಯಾಕೇಜಿನಿಂದಲೋ ಅಂತರ ಹೆಚ್ಚಿಸಿಕೊಳ್ಳಿ. ಎಷ್ಟು ಎನ್ನುವುದು ಫಾಂಟ್‌ನಿಂದ ಫಾಂಟ್‌ಗೆ ಬದಲಾಗುತ್ತದೆ. ಒಂದು ಪುಟ ಅಚ್ಚು ತೆಗೆದು ಕಣ್ಣಿನಿಂದಲೇ ನಿರ್ಧರಿಸಬೇಕು, ಪರದೆಯ ಮೇಲೆ ನೋಡಿದರೆ ಸಾಲದು.

ಮೂರನೆಯದು ಸಂಸ್ಕೃತದ ಸಮಾಸಗಳು. ‘ಶಿವಯೋಗಿಶಿವಾಚಾರ್ಯವಿರಚಿತ’ ಎಂಬಂಥ ಪದ ಸಾಲಿನ ಕೊನೆಗೆ ಬಂದರೆ ಅಂಚು ಮೀರಿ ಹೊರಗೆ ಚಾಚುತ್ತದೆ. ಕನ್ನಡ ಪದಗಳನ್ನು ಸಾಲಿನ ಕೊನೆಯಲ್ಲಿ ಎಲ್ಲಿ ಮುರಿಯಬೇಕೆಂಬ ವಿನ್ಯಾಸಗಳನ್ನು ಕೇರಳದ ಸಂತೋಷ್ ತೋಟ್ಟಿಂಗಲ್ ಸಿದ್ಧಪಡಿಸಿದ್ದಾರೆ, ಅವು ಟೆಕ್ ಲೈವ್‌ನೊಳಗೇ ಇವೆ. ಭಾಷೆ ಕನ್ನಡ ಎಂದು ಪಾಲಿಗ್ಲಾಸಿಯಾ ಅಥವಾ ಬೇಬಲ್‌ಗೆ ಹೇಳಿದರೆ ಮಾತ್ರ ಅವು ಕೆಲಸಕ್ಕೆ ಬರುತ್ತವೆ.

ಆಕರಸೂಚಿಯಲ್ಲಿ ಹೆಸರುಗಳ ತೊಡಕಿದೆ. ಲೇಟೆಕ್ ಹೆಸರಿನ ಕೊನೆಯ ಪದವನ್ನು ಮನೆತನದ ಹೆಸರೆಂದು ಭಾವಿಸುತ್ತದೆ. ನಮ್ಮಲ್ಲಿ ಊರು, ತಂದೆಯ ಹೆಸರು, ಇನಿಷಿಯಲ್‌ಗಳು ಮುಂದೆ ಬರುತ್ತವೆ. ‘ಡಿ. ಎಲ್. ನರಸಿಂಹಾಚಾರ್’ ಎಂಬುದನ್ನು ಅದು ತನಗೆ ತೋಚಿದಂತೆ ತಿರುಗಿಸದಿರಲು ಇಡೀ ಹೆಸರನ್ನು ಇನ್ನೊಂದು ಜೊತೆ ಪುಷ್ಪಾವರಣದೊಳಗೆ ಹಾಕಿ. ಆಗ ಹೆಸರು ಇದ್ದಂತೆಯೇ ಉಳಿಯುತ್ತದೆ.

ಹಳೆಯ ನುಡಿ ಅಥವಾ ಬರಹ ತಂತ್ರಾಂಶದಲ್ಲಿ ಟೈಪ್ ಮಾಡಿದ ಕಡತಗಳಿರುವವರು ಇದನ್ನೆಲ್ಲ ಶುರುಮಾಡುವ ಮೊದಲು ಅವನ್ನು ಯುನಿಕೋಡ್‌ಗೆ ಪರಿವರ್ತಿಸಿಕೊಳ್ಳಲೇಬೇಕು. ಪರಿವರ್ತನೆಯಲ್ಲಿ ಅರ್ಕಾವೊತ್ತು, ಒತ್ತಕ್ಷರಗಳು ಕೆಡುವುದು ಸಾಮಾನ್ಯ. ಪ್ರೂಫ್ ಇನ್ನೊಮ್ಮೆ ನೋಡಿ. ಫಾಂಟುಗಳ ಪೈಕಿ ನೋಟೋ ಸೆರಿಫ್ ಕನ್ನಡ ಮತ್ತು ಲೋಹಿತ್ ಕನ್ನಡ ಉಚಿತವಾಗಿ ಸಿಗುತ್ತವೆ. ದೇವನಾಗರಿ ಸಂಸ್ಕೃತಕ್ಕೆ ಐಐಟಿ ಬಾಂಬೆಯಲ್ಲಿ ಸಿದ್ಧವಾದ ಶೋಭಿಕಾ ಬಳಸಿ. ಸಂಸ್ಕೃತ ಗ್ರಂಥಗಳನ್ನು ಅಚ್ಚು ಮಾಡಬೇಕೆಂದೇ ರೂಪಿಸಿದ ಫಾಂಟ್ ಅದು. ವಿರಳ ಸಂಯುಕ್ತಾಕ್ಷರಗಳೂ, ಸಂಸ್ಕೃತವನ್ನು ರೋಮನ್ ಲಿಪಿಯಲ್ಲಿ ಬರೆಯಲು ಬೇಕಾದ ಗುರುತಿನ ಅಕ್ಷರಗಳೂ ಅದರಲ್ಲಿವೆ.

ಹಸ್ತಪ್ರತಿ ಸಂಪಾದಿಸುವವರಿಗೆ

ಪಾಠಾಂತರಗಳ ಕೆಲಸಕ್ಕೆ ಲೇಟೆಕ್‌ಗಿಂತ ಒಳ್ಳೆಯ ಸಾಧನ ನಾನು ಕಂಡಿಲ್ಲ. ಸಾಲಿನ ಸಂಖ್ಯೆ ತಾನೇ ಬೀಳುತ್ತದೆ. ಪ್ರತಿ ಪಾಠಾಂತರವೂ ಆಯಾ ಸಾಲಿಗೆ ಅಂಟಿಕೊಂಡು ಪುಟದ ಅಡಿಗೆ ಬರುತ್ತದೆ. ಪುಟ ಬದಲಾದರೂ ಜೊತೆ ಬಿಡುವುದಿಲ್ಲ. ಇದರ ಹಿಂದೆ ಒಬ್ಬ ಸಂಸ್ಕೃತ ವಿದ್ವಾಂಸರಿದ್ದಾರೆ. ಜಾನ್ ಲವಗ್ನೀನೋ ಜೊತೆ ಸೇರಿ ‘ಎಡ್‌ಮ್ಯಾಕ್’ ಎಂಬ ಮೂಲ ಸಾಧನ ಕಟ್ಟಿದ ಡೊಮಿನಿಕ್ ವುಯಾಸ್ಟಿಕ್ ಆಯುರ್ವೇದದ ಚರಿತ್ರೆ ಮತ್ತು ಹಸ್ತಪ್ರತಿಗಳಲ್ಲಿ ದುಡಿದವರು. ಅದೇ ಬೆಳೆದು ಇಂದು ಮಯೂಲ್ ರೂಕೆಟ್ ಅವರ ‘ರೆಲೆಡ್‌ಮ್ಯಾಕ್’ ಆಗಿದೆ. ರಾಬರ್ಟ್ ಅಲೆಸ್ಸಿ ಅವರ ‘ಎಕ್‌ಡೋಸಿಸ್’ ಇನ್ನೂ ಹೊಸದು, ಅದು ಲುವಾಲೇಟೆಕ್‌ನಲ್ಲಿ ನಡೆಯುತ್ತದೆ. ಎರಡಕ್ಕೂ ಪುಸ್ತಕ ಹುಡುಕಬೇಡಿ, ಅವುಗಳ ಕೈಪಿಡಿಗಳೇ ಪುಸ್ತಕ.

ಕೈಪಿಡಿ ತೆರೆಯುವ ಮುನ್ನ ಗ್ರಂಥಸಂಪಾದನೆಯ ಶಾಸ್ತ್ರ ಗೊತ್ತಿರಬೇಕು. ಯಾವುದು ಪಾಠಾಂತರ, ಯಾವುದು ಲಿಪಿಕಾರನ ಸ್ಖಾಲಿತ್ಯ ಎಂದು ಸಾಫ್ಟ್‌ವೇರ್ ಹೇಳುವುದಿಲ್ಲ. ಡಿ. ಎಲ್. ನರಸಿಂಹಾಚಾರ್ ಅವರ ‘ಕನ್ನಡ ಗ್ರಂಥಸಂಪಾದನೆ’ಯನ್ನೂ ಎಸ್. ಎಂ. ಕತ್ರೆ ಅವರ 1941ರ ‘ಇಂಟ್ರೊಡಕ್ಷನ್ ಟು ಇಂಡಿಯನ್ ಟೆಕ್ಸ್ಚುವಲ್ ಕ್ರಿಟಿಸಿಸಮ್’ ಪುಸ್ತಕವನ್ನೂ ಓದಿ ಬನ್ನಿ. ಆಗ ರೆಲೆಡ್‌ಮ್ಯಾಕ್‌ನ ಕಮಾಂಡುಗಳು ಏಕಿವೆ ಎಂದು ತಾವಾಗಿ ತಿಳಿಯುತ್ತದೆ.

ಕೊಂಡ ಮೇಲೆ

ಪುಸ್ತಕವನ್ನು ಮೊದಲಿಂದ ಕೊನೆವರೆಗೆ ಓದುವ ಹಟ ಬೇಡ. ಮೊದಲ ಮೂರು ಅಧ್ಯಾಯ ಓದಿ, ನಿಮ್ಮದೇ ಪ್ರಬಂಧದ ಒಂದು ಅಧ್ಯಾಯ ಹಿಡಿದು ಕೂರಿ. ಬಿದ್ದ ತೊಡಕಿಗೆ ಉತ್ತರ ಹುಡುಕುತ್ತ ಪುಸ್ತಕಕ್ಕೆ ಮರಳಿ. ಪುಸ್ತಕದ ಉದಾಹರಣೆಗಳನ್ನು ನಕಲು ಮಾಡಿ ಅಂಟಿಸದೆ ಕೈಯಾರೆ ಟೈಪ್ ಮಾಡಿ. ಪುಷ್ಪಾವರಣ ಮುಚ್ಚಲು ಮರೆತಾಗ ಬರುವ ಎರರ್ ಯಾವುದು ಎಂದು ಬೆರಳಿಗೆ ಗೊತ್ತಾಗುವುದು ಹಾಗೆಯೇ. ಗುರುಕುಲದ ಕೊಠಡಿಯಲ್ಲೋ ಹಾಸ್ಟೆಲಿನಲ್ಲೋ ಇಂಟರ್‌ನೆಟ್ ಸರಿಯಿಲ್ಲದವರು ಟೆಕ್ ಲೈವ್ ಪೂರ್ತಿಯಾಗಿ ಇನ್‌ಸ್ಟಾಲ್ ಮಾಡಿಕೊಳ್ಳಿ. ಅದು ಹಲವು ಜಿಬಿ ಜಾಗ ತಿನ್ನುತ್ತದೆ, ಆದರೆ ಆಮೇಲೆ ನೆಟ್ಟಿನ ಹಂಗಿಲ್ಲ. ಓವರ್‌ಲೀಫ್ ಎಂಬ ಜಾಲತಾಣದಲ್ಲಿ ಬ್ರೌಸರಿನೊಳಗೇ ಕೆಲಸ ಮಾಡಬಹುದು. ಉಚಿತ ಖಾತೆಗೆ ಕಂಪೈಲ್ ಸಮಯದ ಮಿತಿ ಇರುವುದರಿಂದ ನೂರಾರು ಪುಟದ ಪ್ರಬಂಧ ಅಲ್ಲಿ ನಿಂತುಹೋಗಬಹುದು. ಇಂಗ್ಲಿಷಿನಲ್ಲಿ ಓದಿ ಕಲಿಯುವುದು ಕಷ್ಟವೆನ್ನುವವರು ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯ ಲೇಟೆಕ್ ಪಾಠಗಳನ್ನು ನೋಡಬಹುದು. ಕನ್ನಡ ಸೇರಿ ಹಲವು ಭಾರತೀಯ ಭಾಷೆಗಳಲ್ಲಿ ಪಾಠ ಕೊಡಲೆಂದೇ ಆ ಯೋಜನೆ ಇದೆ.

ನಿಮ್ಮ ವಿಶ್ವವಿದ್ಯಾಲಯದ ಅಂಚು, ಅಕ್ಷರದ ಗಾತ್ರ, ಶೀರ್ಷಿಕೆ ಪುಟದ ನಿಯಮಗಳನ್ನು ಕೆಲಸ ಶುರುಮಾಡುವ ದಿನವೇ ತಂದಿಟ್ಟುಕೊಳ್ಳಿ. ಗೈಡ್ ವರ್ಡ್ ಕಡತ ಕೇಳುತ್ತಾರೋ ಪಿಡಿಎಫ್ ಸಾಕೆನ್ನುತ್ತಾರೋ ಎಂದೂ ಅಂದೇ ಕೇಳಿ. ವರ್ಡ್ ಕಡತವೇ ಬೇಕು ಎನ್ನುವ ಕಡೆ ಲೇಟೆಕ್ ಹಿಡಿಯಬೇಡಿ. ಬೇಡದ ಕಷ್ಟ ಅದು.

ಕನ್ನಡದಲ್ಲಿ ಟೆಕ್ ಬಳಸುವುದು ಹೊಸದೇನಲ್ಲ. ಗಣಿತಜ್ಞ ಸಿ. ಎಸ್. ಯೋಗಾನಂದ ಮತ್ತು ಅವರ ಜೊತೆಗಾರರು ಯುನಿಕೋಡ್ ಫಾಂಟುಗಳು ಬಳಕೆಗೆ ಬರುವ ಮೊದಲೇ ಕನ್ನಡ ಟೆಕ್‌ಗಾಗಿ ದುಡಿದವರು. ಅಂದಿನ ದುಡಿಮೆಯ ಬಹುಪಾಲು ಇಂದು ಫಾಂಟ್‌ಸ್ಪೆಕ್‌ನ ಒಂದು ಸಾಲಿನಲ್ಲಿ ಮುಗಿಯುತ್ತದೆ. ಆದರೆ ಆ ಒಂದು ಸಾಲು ಯಾವುದು ಎಂದು ಪ್ರತಿ ವರ್ಷ ಬರುವ ಹೊಸ ವಿದ್ಯಾರ್ಥಿ ಮೊದಲಿಂದ ಹುಡುಕಬೇಕಾಗಿದೆ. ಅದಕ್ಕೆ ಕಾಶಿಯಲ್ಲಿ ಪ್ರಬಂಧ ಮುಗಿಸಿ ಊರಿಗೆ ಹೊರಟವರಲ್ಲಿ ನನ್ನದೊಂದು ಕೋರಿಕೆ. ಕೆಲಸ ಮಾಡಿದ ನಿಮ್ಮ ಕಡತವನ್ನು, ಒಳಗಿನ ಬರಹ ತೆಗೆದು, ಪ್ರತಿ ಸಾಲಿನ ಪಕ್ಕ ಅದು ಏಕಿದೆ ಎಂದು ಕನ್ನಡದಲ್ಲಿ ಟಿಪ್ಪಣಿ ಬರೆದು ಹಿಂದೆ ಬರುವವರ ಕೈಗೆ ಕೊಟ್ಟು ಹೋಗಿ.